ಒಂಬತ್ತಡಿ ಆಳದಲ್ಲಿ ವಾಸಿಲ್‌ನ ಕನ್ನಡಕ

ಮಂಗಳವಾರ ಬೆಳಗ್ಗೆ ಕೆಲಸಕ್ಕೆ ಮುಂಚೆ ಹತ್ತು ನಿಮಿಷ ಸುರಕ್ಷತೆಯ ಪಾಠ ಹೇಳುವುದು ವಾಸಿಲ್ ದ್ರೋಬೊಟ್‌ನ ಪಾಲಿಗೆ ಬಂದಿತ್ತು. ವಿನ್ನಿಪೆಗ್‌ನ ಜೇಡಿಮಣ್ಣಿನಲ್ಲಿ ಮೂವತ್ತೊಂದು ವರ್ಷ ಒಳಚರಂಡಿ ಪೈಪು ಹಾಕಿದವನು. ತನ್ನಷ್ಟು ಮಣ್ಣು ಬಲ್ಲವನು ಊರಲ್ಲೇ ಇಲ್ಲ ಎಂದು ಕಂಡಕಂಡವರಿಗೆ ಹೇಳಿ ಹೇಳಿ, ಕೊನೆಗೆ ತಾನೂ ನಂಬಿಬಿಟ್ಟಿದ್ದ.

ಕೇಳಲು ನಿಂತವರು ಇಬ್ಬರು. ಎರಡು ವರ್ಷದಿಂದ ಅವನ ಕೈಕೆಳಗಿದ್ದ ಹುಡುಗಿ ಶಾಂಡೆಲ್ ಫ್ಲೆಟ್, ಏಪ್ರಿಲ್‌ನಲ್ಲಿ ಸೇರಿದ ಜೋರಿಜ್ ಮನಲಸ್ತಾಸ್. ವಾಸಿಲ್‌ನನ್ನು ಇಬ್ಬರೂ ‘ಗೀದೊ’ ಅನ್ನುತ್ತಿದ್ದರು. ಅವನ ಉಕ್ರೇನಿನ ಮನೆಮಾತಲ್ಲಿ ತಾತ ಅಂತ. ಐವತ್ತೇಳಕ್ಕೇ ತಾತನೇ ಎಂದು ಗೊಣಗುತ್ತಿದ್ದ. ಆದರೆ ಯಾವತ್ತಾದರೂ ಅವರು ಹಾಗೆ ಕರೆಯದಿದ್ದರೆ ಅವತ್ತೆಲ್ಲ ಅವನ ಮುಖ ಸಪ್ಪಗಿರುತ್ತಿತ್ತು.

“ಮೇಲಿಂದ ನೋಡಿದ್ರೆ ಗೋಡೆ ಗಟ್ಟಿಯಾಗೇ ಕಾಣ್ಸುತ್ತೆ. ನಂಬ್ಬೇಡಿ” ಎಂದ ವಾಸಿಲ್, ಪೈಪಿಗೆಂದು ತೋಡಿಟ್ಟ ಒಂಬತ್ತಡಿ ಆಳದ ಉದ್ದ ಗುಂಡಿಯ ಅಂಚಿನಲ್ಲಿ ನಿಂತು. “ಮಣ್ಣು ತಡೆಯೋ ಉಕ್ಕಿನ ಚೌಕಟ್ಟು ಇಳಿಸದೆ ಒಬ್ರೂ ಒಳಗೆ ಕಾಲಿಡ್ಬಾರ್ದು. ಯಾರಾದ್ರೂ ಸಿಕ್ಕಾಕ್ಕೊಂಡ್ರೂ ಅವ್ರ ಹಿಂದೆ ಒಳಗೆ ಹಾರ್ಬಾರ್ದು. ಒಂದು ಹೆಣ ಹೋಗಿ ಎರಡಾಗುತ್ತೆ.”

ಇಷ್ಟು ಹೇಳಿ, ಕೆಳಗೆ ತೋರಿಸಲು ಬಗ್ಗಿದ. ಅಂಗಿಯ ಕೊರಳಿಗೆ ಸಿಕ್ಕಿಸಿದ್ದ ಕನ್ನಡಕ ಜಾರಿ ತಳಕ್ಕೆ ಬಿತ್ತು. ಹೆಂಡತಿ ಸ್ಟೆಫ್ಕಾ ಹೋದ ವಾರವಷ್ಟೇ ಆರಿಸಿ ಕೊಡಿಸಿದ್ದು. “ಇದನ್ನೂ ಕಳೆದ್ರೆ ನಾಯಿಗೆ ಕಟ್ಟೋ ಹಗ್ಗ ಕಟ್ಟಿ ಕೊರಳಿಗೆ ಹಾಕ್ತೀನಿ” ಅಂದಿದ್ದಳು.

“ಹೋಗಿ, ಕಾಫಿ ಕುಡ್ಕೊಂಡು ಬನ್ನಿ” ಎಂದು ಇಬ್ಬರನ್ನೂ ಸಾಗಹಾಕಿದ.

ಉಕ್ಕಿನ ಚೌಕಟ್ಟು ಗುಂಡಿಯ ಆ ತುದಿಯಲ್ಲಿತ್ತು. ಅದನ್ನು ಇತ್ತ ತರಲು ಅರ್ಧ ಗಂಟೆ ಬೇಕು. ಕನ್ನಡಕ ಎತ್ತಲು ಎರಡು ನಿಮಿಷ. ನನ್ನ ಪಾಠ ಹೊಸಬರಿಗೆ, ನನಗಲ್ಲ ಎಂದುಕೊಂಡು ಏಣಿ ಇಳಿದ. ಕನ್ನಡಕ ಸಿಕ್ಕಿತು, ಒರೆಸಿ ಹಾಕಿಕೊಂಡ. ಅದರಲ್ಲಿ ಅವನಿಗೆ ಮೊದಲು ನಿಚ್ಚಳವಾಗಿ ಕಂಡದ್ದು ಎದುರು ಗೋಡೆಯ ಬಿರುಕು.

ಓಡಲು ಪುರುಸೊತ್ತಾಗಲಿಲ್ಲ. ಮಣ್ಣು ಧೊಪ್ಪೆಂದು ಕುಸಿದು ತೊಡೆಯವರೆಗೆ ಬಂತು. ಎಳೆದಷ್ಟೂ ಬಿಗಿ.

ಶಬ್ದ ಕೇಳಿ ಶಾಂಡೆಲ್ ಓಡಿಬಂದಳು, ಹಿಂದೆ ಜೋರಿಜ್.

“ಏನಿಲ್ಲ, ಏನಿಲ್ಲ” ಎಂದ ವಾಸಿಲ್, ಬಸ್ಸಿಗೆ ಕಾಯುತ್ತ ನಿಂತವನಂತೆ. “ಒಂದು ಸಲಿಕೆ ತಗೊಂಡು ಇಳೀರಿ. ಯಾರಿಗೂ ಹೇಳ್ಬೇಡಿ.”

ಜೋರಿಜ್ ಏಣಿಗೆ ಕೈ ಹಾಕಿದ. ಶಾಂಡೆಲ್ ಅವನ ಅಂಗಿ ಹಿಡಿದು ಜಗ್ಗಿದಳು. “ಇಳಿಯಲ್ಲ ಗೀದೊ.”

“ನಾನು ಹೇಳ್ತಿದ್ದೀನಲ್ಲ! ನಾನಿಲ್ಲಿ ಮೇಸ್ತ್ರಿ!”

“ಹಿಂದೆ ಹಾರ್ಬಾರ್ದು ಅಂತ ಹೇಳಿದ್ದೂ ಮೇಸ್ತ್ರೀನೇ. ಈಗ ಯಾವ ಮೇಸ್ತ್ರಿ ಮಾತು ಕೇಳ್ಲಿ?”

ಹಾಗಂದವಳೇ ಹತ್ತಿರದಲ್ಲಿ ಓಡುತ್ತಿದ್ದ ಅಗೆಯುವ ಯಂತ್ರ ನಿಲ್ಲಿಸಿದಳು, ಸದ್ದಿಗೆ ಬಂದು ಸೇರಿದ್ದ ಉಳಿದ ಕೆಲಸದವರನ್ನೆಲ್ಲ ಅಂಚಿನಿಂದ ದೂರ ಸರಿಸಿದಳು, ಅಗ್ನಿಶಾಮಕದವರಿಗೆ ಫೋನ್ ಹಚ್ಚಿದಳು. “ಒಬ್ರು ವಯಸ್ಸಾದವ್ರು ಸಿಕ್ಕಾಕ್ಕೊಂಡಿದಾರೆ” ಎಂದದ್ದು ಕೆಳಗಿದ್ದವನಿಗೆ ಕೇಳಿತು. ಮಣ್ಣಿಗಿಂತ ಆ ಮಾತೇ ಹೆಚ್ಚು ಬಿಗಿಯಿತು.

ಬೈದ, ಕಾಡಿದ, ಕೆಲಸದಿಂದ ತೆಗೆಸುತ್ತೇನೆ ಎಂದ. ಅಷ್ಟರಲ್ಲಿ ಏಣಿಯ ಪಕ್ಕದ ಗೋಡೆಯೂ ಜಾರಿತು, ಏಣಿ ಅರ್ಧ ಹೂತಿತು. ಜೋರಿಜ್ ಕಾಲಿಡಬೇಕಿದ್ದ ಜಾಗ ಅದೇ. ಆಮೇಲೆ ವಾಸಿಲ್ ಆಡಿದ್ದು ಒಂದೇ ಮಾತು: “ಇನ್ನೂ ಹಿಂದೆ ಸರೀರೋ ಮಕ್ಳಾ.”

ಅಗ್ನಿಶಾಮಕದವರು ಹಲಗೆ ಆನಿಸಿ, ಮಣ್ಣು ತೋಡಿ ಅವನನ್ನು ಮೇಲೆತ್ತುವಷ್ಟರಲ್ಲಿ ಎರಡೂವರೆ ಗಂಟೆ. ಬೂಟು ಎರಡೂ ಒಳಗೇ ಉಳಿದವು. ಕಾಲ್ಚೀಲ ಒಂದು ಕಪ್ಪು, ಇನ್ನೊಂದರ ಮೇಲೆ ಬಾತುಕೋಳಿಯ ಚಿತ್ರ.

“ಎಷ್ಟು ದಿನ ಆಯ್ತು ಕೆಲಸಕ್ಕೆ ಸೇರಿ?” ಎಂದು ಅವರಲ್ಲೊಬ್ಬ ಕನಿಕರದಿಂದ ಕೇಳಿದ.

ವಾಸಿಲ್‌ಗೆ ‘ನಿನ್ನೆ’ ಎನ್ನುವ ಆಸೆ ನಾಲಿಗೆ ತುದಿವರೆಗೂ ಬಂತು.

ಒಂದು ವಾರ ಮನೆಯಲ್ಲಿ ಕೂರಿಸಿದ ಕಂಪನಿ, ವಾಪಸ್ ಬಂದ ದಿನವೇ ಎಲ್ಲಾ ಹೊಸಬರನ್ನೂ ಶೆಡ್ಡಿನಲ್ಲಿ ಸೇರಿಸಿ, ಮಾತಾಡು ಎಂದಿತು. ಕೈಗೆ ಒಂದು ಹಾಳೆ ಕೊಟ್ಟರು. ಎರಡು ಸಾಲು ಓದಿದ. ಇಪ್ಪತ್ತು ಜನ ಫೋನ್ ನೋಡುತ್ತಿದ್ದರು. ಹಾಳೆ ಮಡಿಸಿಟ್ಟು, ಕನ್ನಡಕ, ಸ್ಟೆಫ್ಕಾ, ಕಾಲ್ಚೀಲ, ಎಲ್ಲಾ ಹೇಳಿದ. ಶೆಡ್ಡು ಬಿದ್ದುಬಿದ್ದು ನಕ್ಕಿತು. “ಕೆಲಸದಿಂದ ತೆಗೆಸ್ತೀನಿ ಅಂದಿದ್ದು ಬಿಟ್ರಿ” ಎಂದು ಹಿಂದೆ ನಿಂತಿದ್ದ ಶಾಂಡೆಲ್ ಕೂಗಿದಳು. ಅದನ್ನೂ ಸೇರಿಸಿದ. ಏಣಿ ಹೂತ ಮಾತು ಬಂದಾಗ ಯಾರೂ ನಗಲಿಲ್ಲ. ಆಮೇಲೆ ಒಬ್ಬೊಬ್ಬರೇ ತಮ್ಮ ಪೆದ್ದುತನಗಳನ್ನು ಹೊರತೆಗೆದರು: ಗರಗಸದ ಅಲಗಿನ ರಕ್ಷಾಕವಚ ಕಳಚಿದವನು, ಬೀಳದಂತೆ ತಡೆಯುವ ನಡುಪಟ್ಟಿಯನ್ನು ಯಾವುದಕ್ಕೂ ಬಿಗಿಯದೆ ಮಾಡು ಹತ್ತಿದವಳು.

ಕೊನೆಗೆ ಜೋರಿಜ್ ಎದ್ದು ನಿಂತ. “ನಾನೂ ಎರಡ್ ಸಲ ಚೌಕಟ್ಟಿಲ್ದೆ ಇಳಿದಿದೀನಿ ಗೀದೊ. ಅಳತೆಪಟ್ಟಿ ತರೋಕೆ.”

“ಯಾರು ಕಲಿಸಿದ್ದು ನಿಂಗೆ ಅದನ್ನ?” ವಾಸಿಲ್‌ನ ದನಿ ಏರಿತು.

ಜೋರಿಜ್ ನೆಲ ನೋಡಿದ. “ಜೂನ್‌ನಲ್ಲಿ ನೀವು ಇಳಿದದ್ದು ನೋಡಿದ್ದೆ.”

ಜೂನ್‌ನಲ್ಲಿ ಯಾವತ್ತು ಎಂದು ವಾಸಿಲ್ ನೆನಪಿಸಿಕೊಳ್ಳಲು ನೋಡಿದ. ಒಂದೇ ಒಂದು ದಿನವಾಗಿದ್ದರೆ ನೆನಪಾಗುತ್ತಿತ್ತು.

“ಕೂತ್ಕೋ ಮಗಾ” ಎಂದ ಮೆಲ್ಲಗೆ. ತಾನೂ ಅವನ ಪಕ್ಕದ ಬೆಂಚಿನಲ್ಲಿ ಜಾಗ ಮಾಡಿಕೊಂಡು ಕುಳಿತ. “ಶಾಂಡೆಲ್, ಮುಂದಿನ ಪಾಠ ನೀನು ಹೇಳಮ್ಮ.”