ಹೊಕ್ಕುಳಬಳ್ಳಿಯ ಮರ

ಬಿಸಿಲ ದ್ವೀಪವೊಂದರ ಫಾಲ್ಮತ್ ಊರಿನ ಇನ್ನೂರು ವರ್ಷದ ಅತಿಥಿಗೃಹವನ್ನು ನೋಡಿಕೊಳ್ಳುತ್ತಿದ್ದವಳು ವರ್ಲಿನ್. ಆ ಬೆಳಿಗ್ಗೆ ಅವಳ ಪ್ರಾರ್ಥನೆ ಒಂದೇ: ಹಿಂದಿನ ಕೋಣೆಯ ಕಿಟಕಿ ತೆರೆಯದಿರಲಿ.

ಕೋಣೆಯಲ್ಲಿ ಇಳಿದುಕೊಂಡಿದ್ದವರು ಈಬನ್ ಪಿನಕ್. ಅವರ ತಾಯಿ ಒಂದು ಕಾಲಕ್ಕೆ ಇದೇ ಮನೆಯ ಅಡುಗೆಯವಳು. ಹತ್ತೊಂಬತ್ತರ ವಯಸ್ಸಿಗೆ ಇಂಗ್ಲೆಂಡಿಗೆ ಹೋದವರು ಎಪ್ಪತ್ತಾರರ ವಯಸ್ಸಿಗೆ, ಎದೆಯಲ್ಲಿ ವಾಸಿಯಾಗದ ರೋಗ ಹೊತ್ತು, ನಿನ್ನೆ ಮುಸ್ಸಂಜೆಗೆ ಬಂದಿಳಿದಿದ್ದರು.

"ಮೈಗೆ ಆಗದಿದ್ದಾಗ ನಿನ್ನ ಮರದ ಕೆಳಗೆ ಹೋಗಿ ಕೂತ್ಕೋ ಅಂದಿದ್ಳು ಅಮ್ಮ. ಅದಕ್ಕೇ ಬಂದೆ ಮಗಳೇ. ಹಿತ್ತಿಲ ದೀವಿಹಲಸು ಇದೆ ತಾನೇ?"

ವರ್ಲಿನ್ ಆಗ ಕೇಳಿಸದವಳಂತೆ ತಟ್ಟೆ ಎತ್ತಿಕೊಂಡು ಹೋಗಿದ್ದಳು.

ಮಗು ಹುಟ್ಟಿದರೆ ಹೊಕ್ಕುಳಬಳ್ಳಿಯನ್ನು ಮಣ್ಣಿಗಿಟ್ಟು ಮೇಲೊಂದು ಸಸಿ ನೆಡುವುದು ಅಲ್ಲಿನವರ ನಡಾವಳಿ. ಕೊಡಲಿ ಎತ್ತುವ ಮುಂಚೆ ಅದು ಯಾರ ಮರವೆಂದು ಹಿರಿಯರನ್ನು ಕೇಳಬೇಕು. ವರ್ಲಿನ್ ಕೇಳದೆ ಇರಲಿಲ್ಲ. ಹೋದ ತಿಂಗಳು ಹಣ್ಣೊಂದು ಬಿದ್ದು ಅತಿಥಿಯ ಕಾರು ಜಜ್ಜಿದಾಗ, ಪ್ರಾರ್ಥನಾಲಯದ ಅಗಾಥಜ್ಜಿಯ ಬಳಿ ಹೋಗಿದ್ದಳು. "ಅದು ಪಿನಕ್ ಮನೆಯವ್ರ ಮರ. ಹಡಗು ಹತ್ತಿದವ್ರು ಒಬ್ರೂ ತಿರುಗಿ ಬರ್ಲಿಲ್ಲ ಕಣೇ. ಕಡಿಸು" ಎಂದಿದ್ದಳು ಅಜ್ಜಿ. ಮರ ಉರುಳಿ ನಾಲ್ಕು ದಿನವಾಗಿತ್ತು.

ಈಗ ಮುಂದಿನ ಜಗಲಿಯಲ್ಲಿ ತಿಂಡಿ. ಉಪ್ಪುಮೀನಿನ ಜೊತೆ ಕೆಂಡದಲ್ಲಿ ಸುಟ್ಟ ದೀವಿಹಲಸು. ಮುದುಕ ಒಂದು ಹೋಳು ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ನಮ್ಮ ಮರದ್ದೇ. ರುಚಿ ಹೇಳುತ್ತೆ."

ಉರುಳಿದ ಮರದಿಂದ ಆಯ್ದಿಟ್ಟಿದ್ದ ಕೊನೆಯ ಕಾಯಿ ಅದು.

"ನನ್ನ ಕೋಣೆ ಕಿಟಕಿ ಯಾಕೆ ಬಿಗಿದಿದೆ?"

"ಕೀಲು ತುಕ್ಕು ಹಿಡಿದಿದೆ, ಯಜಮಾನ್ರೇ."

"ನನ್ನ ಮಂಡಿ ಹಾಗೆ ಅನ್ನು!" ಎಂದು ನಕ್ಕು ಅವರು ಎದ್ದು ಕೋಣೆಯತ್ತ ನಡೆದರು. ಅವಳು ಹಿಂದೆಯೇ ಓಡಿದಳು. ಅಷ್ಟರಲ್ಲಿ ಅವರು ಕಿಟಕಿಗೆ ಭುಜ ಕೊಟ್ಟಾಗಿತ್ತು. ಕಿಟಕಿಯ ಕದ ಹಾರಿ ತೆರೆಯಿತು. ಎಂದೂ ಇರದಷ್ಟು ಬೆಳಕು ಒಳಗೆ ನುಗ್ಗಿತು.

"ಅಗಾಥಜ್ಜಿ..." ವರ್ಲಿನ್ ತೊದಲಿದಳು. "ನಿಮ್ಮ ವಂಶದವ್ರು ಯಾರೂ ಇಲ್ಲ ಅಂದ್ರು. ತಪ್ಪಾಯ್ತು."

"ಯಾರೂ ಇಲ್ವಾ? ಹಾಗಾದ್ರೆ ಈಗ ನಿನ್ನ ಕೈಲಿ ತಿಂಡಿ ತಿಂದವ್ನು ಯಾರು, ದೆವ್ವವಾ?"

ನಗು ಬರಲಿಲ್ಲ ಇಬ್ಬರಿಗೂ. ಊರು ಬಿಟ್ಟು ಹೋದವರನ್ನು ಸತ್ತವರ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೆವಲ್ಲ ಎಂದು ವರ್ಲಿನ್‌ಗೆ ಆಗ ಹೊಳೆಯಿತು.

ಮುದುಕ ಹಿತ್ತಿಲಿಗಿಳಿದು ಬುಡದ ಪಕ್ಕ ನೆಲದ ಮೇಲೆಯೇ ಕೂತರು. ಕಡಿದ ಜಾಗದಲ್ಲಿ ಹಾಲು ಇನ್ನೂ ಜಿನುಗುತ್ತಿತ್ತು. ಅದನ್ನು ಬೆರಳಿಂದ ಒರೆಸಿ, ಬೆರಳನ್ನು ಹಾಗೆಯೇ ಹಿಡಿದುಕೊಂಡರು. ಬೆಳಗಿನ ಬಿಸಿಲೇ ತಲೆ ಸುಡುತ್ತಿತ್ತು. ಕೊಡೆ ತಂದರೆ ಬೇಡವೆಂದರು, ಕುರ್ಚಿಯೂ ಬೇಡವೆಂದರು.

"ಅಮ್ಮ ಕೂತ್ಕೋ ಅಂದಿದ್ಳು. ಕೂತಿದೀನಿ."

ವರ್ಲಿನ್ ಕೊಡೆ ಮಡಚಿಟ್ಟು, ಸೂರ್ಯನಿಗೆ ಬೆನ್ನು ಕೊಟ್ಟು ಅವರೆದುರು ನಿಂತಳು. ಅವಳ ನೆರಳು ಅವರ ತಲೆಯ ಮೇಲೆ ಬಿತ್ತು. ಅವರು ಅದನ್ನು ಬೇಡವೆನ್ನಲಿಲ್ಲ. ಹೊತ್ತು ಏರಿದಂತೆ ನೆರಳು ಅವರ ಭುಜಕ್ಕೆ, ಮಡಿಲಿಗೆ ಇಳಿಯಿತು. ಕಡೆಗೆ ಅವಳ ಪಾದದ ಬುಡದಲ್ಲಿ ಮುದುಡಿತು. ಆದರೂ ಅವಳು ಕದಲಲಿಲ್ಲ.