ಆಮೇಲಲ್ಲ, ಈಗ್ಲೇ

"ಗ್ರೇಸೀ, ನಮ್ಮಣ್ಣ ಕಣ್ಬುಟ್ಟ ಕಣೇ! ನೀರು ಕೇಳ್ದ!"

ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಕಂಡೊಡನೆ ಅಲ್ಲೇ ಕೂಗಿಬಿಟ್ಟೆ. ಕಾಯಿ ಕೀಳಲು ಹತ್ತಿದ ಮರದಿಂದ ಬಿದ್ದ ಅಣ್ಣ ನಾಲ್ಕು ದಿನದಿಂದ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ. ಮೊನ್ನೆ ನನ್ನ ಕಾಲೇಜಿನ ಗೆಳತಿ ಗ್ರೇಸಿ ಅವಳ ಅಮ್ಮನ ಜೊತೆ ಬಂದು, ಅವನ ಮಂಚದ ಪಕ್ಕ ನಿಂತು ಯೇಸುವನ್ನು ಪ್ರಾರ್ಥಿಸಿ "ಆಮೆನ್" ಅಂದಳು. ಕಿವಿ ಮಂದವಾದ ನಮ್ಮಜ್ಜಿಗೆ ಅದು "ಆಮೇಲೆ" ಎಂದು ಕೇಳಿಸಿತು.

"ಆಮೇಲೆ ಅಂದ್ರೇನವ್ವ? ಈಗ್ಲೇ ಉಳಿಸು ಅನ್ನು!" ಎಂದು ಗದರಿ, ಅಜ್ಜಿ ತಾನೇ ಕೈಮುಗಿದಳು. "ಯೇಸಪ್ಪಾ, ನಾವು ಜುಂಜಪ್ಪ ದೇವ್ರ ಒಕ್ಲು. ಆದ್ರೂ ಕೇಳಿಸ್ಕೋ, ಸುಮ್ನೆ ಕೂತ್ಕೋಬ್ಯಾಡ."

ಚರ್ಚಿನ ಮೆಟ್ಟಿಲನ್ನೇ ಹತ್ತದವಳು ಹೀಗೆ ದಬಾಯಿಸಿದರೆ ಆ ದೇವರು ಮುನಿಸಿಕೊಂಡು ಅಣ್ಣನನ್ನು ಕೈಬಿಟ್ಟಾನು ಎಂಬ ಭಯಕ್ಕೆ ನನಗೆ ಎರಡು ದಿನ ಊಟವೇ ಸೇರಿರಲಿಲ್ಲ.

"ಅಜ್ಜಿ ಮಾತು ನಿಮ್ಮ ಯೇಸುಗೆ ಕೇಳಿಸ್ತೇನೇ?"

ಗ್ರೇಸಿ ಕಣ್ಣೊರೆಸಿಕೊಂಡು ನಕ್ಕಳು. "ಕೇಳ್ಸದೆ ಏನು? ಹುಳಿಯಾರಿಗೂ ಕೇಳ್ಸಿರ್ತದೆ! ಅಷ್ಟು ಜೋರಾಗಿ ನಾವ್ಯಾರೂ ಯಾವತ್ತೂ ದೇವ್ರನ್ನ ಕೇಳೇ ಇಲ್ಲ ಅಂತ ನಮ್ಮಮ್ಮ ಅಂದ್ರು."

"ಅಜ್ಜಿ ನಿಮ್ ಚರ್ಚಲ್ಲಿ ಕಾಯಿ ಒಡೀಬೇಕಂತೆ."

"ಒಡೀದೆ ಇಟ್ಟು ಕೈಮುಗೀಲಿ ಬುಡು, ಫಾದರ್‌ಗೆ ನಾನು ಹೇಳ್ತೀನಿ. ನಾಳೆ ಹತ್ತು ಗಂಟೆಗೆ ಚರ್ಚ್ ಬಾಗ್ಲಲ್ಲೇ ನಿಂತಿರ್ತೀನಿ, ಕರ್ಕೊಂಡ್ ಬಾ."