ಕಾಲು ಸೆಕೆಂಡಿನ ಕಿಟಕಿ

ಫೋನಿನಲ್ಲಿ ಕಣ್ಣಾಸ್ಪತ್ರೆಯ ಮ್ಯಾನೇಜರರ ಹೆಸರು ಕಂಡರೆ ಸಾಕು, ಮೆಣಸಿಗೆ ಹಲ್ಲುನೋವು ಶುರುವಾಗುತ್ತಿತ್ತು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳೆಂದು ಆಫೀಸಿನವರು ಅವಳಿಗಿಟ್ಟ ಹೆಸರೇ ಮೆಣಸು. ಆಸ್ಪತ್ರೆಯ ಕೌಂಟರಿನಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುವ ಪ್ರೋಗ್ರಾಮನ್ನು ಮಾಡಿಕೊಟ್ಟವಳು ಅವಳೇ.

"ಅದೇ ಕಿಟಕಿ ಮೇಡಂ. ಮತ್ತೆ ತೆವಳ್ತಾ ಇದೆ."

ಕಿಟಕಿಯೆಂದರೆ ಪರದೆಯ ಮೇಲಿನ ಅಂಗೈಯಗಲದ ಚೌಕ. ಹೆಸರು ಬರೆದು 'ವಿವರ' ಎಂಬ ಗುಂಡಿ ಒತ್ತಿದರೆ ಅದು ಕೆಳಕ್ಕೆ ಚಾಚಿಕೊಂಡು ಉಳಿದ ಖಾನೆಗಳನ್ನು ತೋರಿಸುತ್ತದೆ. ಕಂಪ್ಯೂಟರಿನ ಪಾಡಿಗೆ ಬಿಟ್ಟರೆ, ಎಷ್ಟು ದೂರ ಚಾಚಬೇಕೋ ಅಷ್ಟು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಅದರ ಮರ್ಜಿ ಬೇಡವೆಂದು ಮೆಣಸು, ಎಷ್ಟೇ ದೊಡ್ಡದಾಗಲಿ ಕಾಲು ಸೆಕೆಂಡು ಮಾತ್ರ ಎಂದು ಕಟ್ಟು ಹಾಕಿದ್ದಳು. ಅವಳ ಮೇಜಿನ ಮೇಲೆ ಅದು ಹೇಳಿದ ಮಾತು ಕೇಳುತ್ತಿತ್ತು.

"ನೀವು ಒತ್ತಿದ್ರೂ ನಿಧಾನಾನಾ ಸರ್?"

"ಇಲ್ಲಪ್ಪ, ನನಗೆ ಸರಿಯಾಗೇ ಬರತ್ತೆ. ಡಾಕ್ಟರಿಗೂ ಬರತ್ತೆ. ಕೌಂಟರ್‌ನಲ್ಲಿರೋ ಆಯಮ್ಮ ಒತ್ತಿದ್ರೆ ಮಾತ್ರ ಹೀಗೆ. ಕೈಗುಣ ಅಂತ ಕಾಣತ್ತೆ. ಸಾಲು ಬಾಗಿಲು ದಾಟಿ ರಸ್ತೆಗೆ ಬಂದಿದೆ. ನಾಳೆಯಿಂದ ಅವರನ್ನ ಒಳಗೆ ಹಳೇ ಫೈಲ್ ಕೋಣೆಗೆ ಹಾಕ್ತೀನಿ."

"ನಾಳೆ ನಾನೇ ಬರ್ತೀನಿ. ಅಲ್ಲೀವರೆಗೆ ಯಾರನ್ನೂ ಎಲ್ಲಿಗೂ ಹಾಕ್ಬೇಡಿ," ಎಂದು ಮೆಣಸು ಫೋನಿಟ್ಟಳು.

ಅವಳು ಮಾಡದ ಪ್ರಯತ್ನವಿರಲಿಲ್ಲ. ಹಿಂದೊಮ್ಮೆ ಕಾಲು ಸೆಕೆಂಡನ್ನು ಅರೆಕಾಲು ಮಾಡಿ ಕಳಿಸಿದಾಗ, ಕಿಟಕಿ ಗಕ್ಕನೆ ಎದುರು ಬಂದು ನಿಂತರೆ ಎದೆ ಧಸಕ್ಕೆನ್ನುತ್ತದೆಂದು ಡಾಕ್ಟರು ಗೊಣಗಿದರು. ಕೌಂಟರಿನಲ್ಲಿ ಅದು ಆಗಲೂ ತೆವಳುತ್ತಲೇ ಇತ್ತು. ಮತ್ತೆ ಕಾಲು ಸೆಕೆಂಡಿಗೇ ತಂದಳು. ಆ ಸಂಜೆ ಮನೆಗೆ ಬಂದರೂ ತಲೆ ಬಿಸಿ ಇಳಿಯಲಿಲ್ಲ.

"ಏನೇ ಅದು, ಒಂದು ಕಿಟಕಿ ತೆಗೆಯೋಕೆ ವಾರಗಟ್ಟಲೆ?" ಎಂದರು ಅತ್ತೆ. "ನಮ್ಮ ಅಡುಗೆಮನೆ ಕಿಟಕೀನೂ ಬಿಗಿಯಾಗಿದೆ, ಅದನ್ನಾದ್ರೂ ನೋಡು."

"ಅತ್ತೆ, ದಮ್ಮಯ್ಯ, ಸುಮ್ನಿರಿ."

ಅತ್ತೆ ಅವಳ ಮುಂದಿನ ಕಾಫಿ ಆರಿದ್ದು ಕಂಡು, ಕೇಳದೆಯೇ ಲೋಟ ಎತ್ತಿಕೊಂಡು ಹೋಗಿ ಬಿಸಿಮಾಡಿ ತಂದಿಟ್ಟರು.

ಮರುದಿನ ಮೆಣಸು ಆಸ್ಪತ್ರೆಗೆ ಹೋದಾಗ ಕೌಂಟರಿನ ಅಕ್ಕ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. ಕೂದಲು ಅರ್ಧ ನರೆತ, ಕನ್ನಡಕವನ್ನು ದಾರದಲ್ಲಿ ತೂಗುಹಾಕಿಕೊಂಡ ಹೆಂಗಸು.

"ಬಾಮ್ಮ, ಕೂತ್ಕೋ. ಈ ಸ್ಟೂಲಿನ ಒಂದು ಕಾಲು ಮೋಸ. ಎಡಕ್ಕೆ ವಾಲಬೇಡ."

ಮೆಣಸು ಗುಂಡಿ ಒತ್ತಿದಳು. ಕಿಟಕಿ ಸರ್ರನೆ ತೆರೆಯಿತು. ಮುಚ್ಚಿ, "ಈಗ ನೀವು ಅಕ್ಕ," ಎಂದಳು. ಅಕ್ಕ ಒಂದು ಹೆಸರು ಬರೆದು ಗುಂಡಿ ಒತ್ತಿದಳು. ಕಿಟಕಿ ಇಷ್ಟಿಷ್ಟೇ, ಇಷ್ಟಿಷ್ಟೇ ಕೆಳಗಿಳಿಯತೊಡಗಿತು.

"ನೋಡಿದ್ಯಾ? ನಿನ್ನ ಕಂಡ್ರೆ ಎದ್ದು ಓಡತ್ತೆ, ನನ್ನ ಕಂಡ್ರೆ ಮೈ ಮುರಿಯತ್ತೆ. ನನ್ನ ಗಂಡನ ಹಾಗೆ."

"ಅವಸರ ಇಲ್ಲಮ್ಮ," ಎಂದ ಸಾಲಿನ ಮುಂದಿದ್ದ ಮುದುಕ. "ನನ್ನ ಕಣ್ಣೂ ಅಷ್ಟೇ ನಿಧಾನ."

ಮೆಣಸಿಗೆ ಮಾತ್ರ ಕೀಬೋರ್ಡನ್ನೇ ಎತ್ತಿ ಕುಕ್ಕುವಷ್ಟು ಸಿಟ್ಟು ಬಂತು. "ಇನ್ನೊಂದ್ಸಲ," ಎಂದಳು. ಈ ಬಾರಿ ಪರದೆಯನ್ನು ಬಿಟ್ಟು ಅಕ್ಕನ ಕೈಗಳನ್ನು ನೋಡಿದಳು. ಬಲಗೈ ಮೌಸಿನ ಮೇಲಿತ್ತು. ಎಡಗೈಯ ಕಿರುಬೆರಳು ಶಿಫ್ಟ್ ಕೀಲಿಯನ್ನು ಒತ್ತಿಕೊಂಡೇ ಇತ್ತು.

"ಅಕ್ಕಾ, ಆ ಬೆರಳು ಯಾಕೆ ಅಲ್ಲೇ ಇದೆ?"

"ಇದಾ? ಹೆಸರೆಲ್ಲ ಕ್ಯಾಪಿಟಲ್ ಅಕ್ಷರದಲ್ಲಿ ಬರೀತೀನಲ್ಲ. ಕ್ಯಾಪ್ಸ್ ಲಾಕ್ ಹಾಕಿದ್ರೆ ತೆಗೆಯೋಕೆ ಮರೆತು ಪಾಸ್‌ವರ್ಡ್ ತಪ್ಪಾಗತ್ತೆ. ಅದಕ್ಕೇ ಇದನ್ನೇ ಹಿಡ್ಕೊಂಡಿರ್ತೀನಿ. ಬೆರಳಿಗೆ ಅಭ್ಯಾಸ ಆಗ್ಹೋಗಿದೆ."

"ಎಲ್ಲಾ ಕ್ಯಾಪಿಟಲ್ ಯಾಕೆ?"

"ಚೀಟಿಯಲ್ಲಿ ದೊಡ್ಡದಾಗಿದ್ರೆ ಇವರೆಲ್ಲ ತಮ್ಮ ಹೆಸರನ್ನ ತಾವೇ ಓದ್ಕೋತಾರೆ. ಪಕ್ಕದವರ ಹತ್ರ ಕೇಳೋ ಹಾಗಾಗಲ್ಲ. ಅಷ್ಟೇಮ್ಮ."

ಮೆಣಸಿನ ಸಿಟ್ಟು ಅಲ್ಲೇ ತಿರುಗಿ ತನ್ನ ಮೇಲೆಯೇ ಬಂದು ಕೂತಿತು. ಪ್ರೋಗ್ರಾಂ ಬರೆಯುವಾಗ, ಕಿಟಕಿ ಚಾಚಿಕೊಳ್ಳುವ ಹೊತ್ತಿನಲ್ಲಿ ಅಂಚಿನಲ್ಲೊಂದು ಕಪ್ಪು ಗೆರೆ ಮಿಂಚಿ ಮಾಯವಾಗುತ್ತಿತ್ತು. ಕಾಲು ಸೆಕೆಂಡಿನಲ್ಲಿ ಅದನ್ನು ಹಿಡಿಯಲಾಗದೆ, ಶಿಫ್ಟ್ ಒತ್ತಿಕೊಂಡಿದ್ದರೆ ಕಿಟಕಿ ಬಹಳ ನಿಧಾನವಾಗಿ ತೆರೆಯಲಿ ಎಂದು ತನಗೋಸ್ಕರ ನಾಲ್ಕು ಸಾಲು ಬರೆದುಕೊಂಡಿದ್ದಳು. ಗೆರೆ ಸಿಕ್ಕಿತು, ಹೋಯಿತು. ಆ ನಾಲ್ಕು ಸಾಲು ಮಾತ್ರ ಹಾಗೆಯೇ ಉಳಿದು ಆಸ್ಪತ್ರೆಗೆ ಬಂದಿದ್ದವು.

ಅಷ್ಟರಲ್ಲಿ ಮ್ಯಾನೇಜರು ಬಂದರು. ಕೈಯಲ್ಲಿ ಫೈಲ್ ಕೋಣೆಯ ಬೀಗದ ಕೈ.

"ಏನ್ ಮೇಡಂ, ಕೈಗುಣಕ್ಕೆ ಮದ್ದು ಸಿಕ್ತಾ?"

'ಸರಿಹೋಯ್ತು' ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ಅಕ್ಕ ಆಗಲೇ ಡ್ರಾಯರಿನಿಂದ ತನ್ನ ಪೆನ್ನು, ಬಾಚಣಿಗೆ, ಕನ್ನಡಕದ ಡಬ್ಬಿ ತೆಗೆದು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು.

"ಅವರ ಕೈ ಚೆನ್ನಾಗೇ ಇದೆ ಸರ್," ಎಂದಳು ಮೆಣಸು, ಸಾಲಿನಲ್ಲಿದ್ದವರಿಗೂ ಕೇಳುವಂತೆ. "ತಪ್ಪು ನಂದು. ಕ್ಯಾಪಿಟಲ್ ಅಕ್ಷರಕ್ಕೆ ಶಿಫ್ಟ್ ಹಿಡ್ಕೊಂಡಿದ್ರೆ ಕಿಟಕಿ ನಿಧಾನ ಆಗೋ ಹಾಗೆ ಮಾಡಿದ್ದೇ ನಾನು. ಪರೀಕ್ಷೆ ಮಾಡೋಕೆ. ಆಮೇಲೆ ತೆಗೆಯೋದು ಮರೆತೆ."

"ಅಯ್ಯೋ ರಾಮ! ಅವರೂ ಸಣ್ಣಕ್ಷರದಲ್ಲೇ ಬರೀಬಹುದಿತ್ತಲ್ಲ?"

"ಬರೀಕೂಡದು!" ಎಂದ ಮೆಣಸಿನ ದನಿಗೆ ಮುದುಕ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದ. "ಅವರು ಬರೀತಿರೋದೇ ಸರಿ."

ಲ್ಯಾಪ್‌ಟಾಪ್ ತೆರೆದು ನಾಲ್ಕೂ ಸಾಲು ಅಳಿಸಿ, ಹೊಸದನ್ನು ಕೌಂಟರಿನ ಕಂಪ್ಯೂಟರಿಗೆ ಹಾಕಿದಳು. ಅಕ್ಕ ಕಿರುಬೆರಳಿಟ್ಟುಕೊಂಡೇ ಮುದುಕನ ಹೆಸರು ಬರೆದು ಒತ್ತಿದಳು. ಕಿಟಕಿ ಸರ್ರನೆ ತೆರೆಯಿತು. ಅಕ್ಕ ಕೈ ಹಿಂದೆಳೆದುಕೊಂಡು ನಕ್ಕಳು. "ಇಷ್ಟು ಬೇಗಾನಾ? ಈಗ ನಾನೇ ನಿಧಾನ ಆದ್ನಲ್ಲಮ್ಮ!"

ಮ್ಯಾನೇಜರು ಬೀಗದ ಕೈಯನ್ನು ಗೋಡೆಯ ಮೊಳೆಗೆ ವಾಪಸು ತೂಗುಹಾಕಿದರು. ಅಕ್ಕ ಬಾಚಣಿಗೆಯನ್ನು ಮತ್ತೆ ಡ್ರಾಯರಿಗೆ ಹಾಕಿದಳು.

ಮೆಣಸು ಚೀಲ ಹೆಗಲಿಗೇರಿಸಿದಳು.

"ಮೇಡಂ, ಹೇಗೂ ಬಂದಿದ್ದೀರಲ್ಲ," ಎಂದರು ಮ್ಯಾನೇಜರು, "ಆ ಪ್ರಿಂಟರ್ ಒಂಚೂರು ನೋಡ್ತೀರಾ?"

ಮೆಣಸಿಗೆ ಹಲ್ಲುನೋವು ಶುರುವಾಯಿತು. ಚೀಲ ಇಳಿಸಿ ಮತ್ತೆ ಸ್ಟೂಲಿನ ಮೇಲೆ ಕೂತಳು, ಎಡಕ್ಕೆ ವಾಲದಂತೆ.